ಬ್ಲಡ್ ಆರೆಂಜ್: ನಮ್ಮ ತೋಟಕ್ಕೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ, ಜೊತೆಗೆ ಮೂರು ಕೋಣೆಯ ಹೋಂಸ್ಟೇ. ಜನವರಿಯಲ್ಲಿ ಬಂದವರಿಗೆ ಬೆಳಗಿನ ತಿಂಡಿ ಜೊತೆ ಒಂದು ಚಿಕ್ಕ ಲೋಟದಲ್ಲಿ ಕೆಂಪು ಜ್ಯೂಸ್ ಇಡುತ್ತೇವೆ. "ಬೀಟ್‌ರೂಟಾ? ದಾಳಿಂಬೆನಾ?" ಅಂತ ಶುರುವಾಗುತ್ತದೆ. ಎರಡೂ ಅಲ್ಲ, ಕಿತ್ತಳೆ ಅಂದರೆ ನಂಬುವುದಿಲ್ಲ. ನಂಬಿದ ಮೇಲೆ ಪ್ರಶ್ನೆಗಳು ನಿಲ್ಲುವುದಿಲ್ಲ. ಊರಿನವರದ್ದು ಬೇರೆ ಥರ: ನಮ್ಮ ತೋಟದಲ್ಲಿ ಹಾಕಬಹುದಾ, ಗಿಡ ಎಲ್ಲಿ ಸಿಗುತ್ತದೆ, ಶುಗರ್ ಇರುವವರು ಕುಡಿಯಬಹುದಾ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ನಿಜವಾದ ಹಣ್ಣಾ, ಬಣ್ಣ ಚುಚ್ಚಿ ಮಾಡಿದ್ದಾ?

ನಿಜವಾದ ಹಣ್ಣು. ಇಂಜೆಕ್ಷನ್ ಕೊಟ್ಟು ಕಿತ್ತಳೆಯನ್ನು ಕೆಂಪು ಮಾಡುತ್ತಾರೆ ಅನ್ನುವ ಮಾತು ಸುಮ್ನೆ ಹಬ್ಬಿದ ಗುಲ್ಲು. ಕಿತ್ತಳೆಯ ಒಳಗೆ ರಸ ಇರುವುದು ಸಾವಿರಾರು ಪುಟ್ಟ ಪುಟ್ಟ ಚೀಲಗಳಲ್ಲಿ. ಸೂಜಿ ಚುಚ್ಚಿದರೆ ಚುಚ್ಚಿದ ಜಾಗದಲ್ಲಿ ಒಂದು ಕಲೆ ಆಗುತ್ತದೆ ಅಷ್ಟೆ, ಎಲ್ಲಾ ತೊಳೆಗೂ ಬಣ್ಣ ಹರಡುವುದಿಲ್ಲ. ಚುಚ್ಚಿದ ಹಣ್ಣು ಬೇಗ ಕೊಳೆಯುತ್ತದೆ ಕೂಡ.

ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಬಿಳಿ ಬಟ್ಟಲಿಗೆ ಎರಡು ಚಮಚ ಜ್ಯೂಸ್ ಹಾಕಿ, ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ನೊರೆ ಉಕ್ಕುತ್ತದೆ. ನೊರೆ ಇಳಿದು ಹುಳಿ ಮುರಿದ ಮೇಲೆ ಕೆಂಪು ಬಣ್ಣ ನೇರಳೆಗೆ ತಿರುಗಿ, ಆಮೇಲೆ ಮಂಕು ನೀಲಿಯೋ ಹಸಿರೋ ಆಗುತ್ತದೆ. ಇದರ ಬಣ್ಣದ ಗುಣವೇ ಹಾಗೆ, ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಮಕ್ಕಳಿರುವ ಅತಿಥಿಗಳು ಬಂದರೆ ಇದನ್ನು ಮಾಡಿ ತೋರಿಸುತ್ತೇವೆ. ಆ ಬಟ್ಟಲಿನ ಜ್ಯೂಸ್ ಕುಡಿಯಬೇಡಿ, ಸೋಡಾ ಬಿದ್ದ ಮೇಲೆ ರುಚಿ ಕೆಟ್ಟಿರುತ್ತದೆ.

ಹಾಗಾದರೆ ಕೆಂಪು ಎಲ್ಲಿಂದ ಬಂತು?

ಚಳಿಯಿಂದ. ಇದನ್ನು ಹೇಳಿದರೆ ಜನ ನಗುತ್ತಾರೆ, ಆದರೆ ವಿಷಯ ಅಷ್ಟೇ.

ನೇರಳೆ ಹಣ್ಣಿಗೆ, ಕೆಂಪು ಎಲೆಕೋಸಿಗೆ, ಕಪ್ಪು ದ್ರಾಕ್ಷಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವಸ್ತುವೇ ಬ್ಲಡ್ ಆರೆಂಜ್‌ನಲ್ಲೂ ಇರುವುದು. ಮಾಮೂಲಿ ಕಿತ್ತಳೆ, ಮೂಸಂಬಿಗಳಲ್ಲಿ ಇದು ತಯಾರಾಗುವುದಿಲ್ಲ. ತಯಾರಿಸುವ ವ್ಯವಸ್ಥೆ ಎಲ್ಲಾ ಗಿಡದಲ್ಲೂ ಇದೆ, ಅದರ ಸ್ವಿಚ್ ಮಾತ್ರ ಆಫ್ ಆಗಿರುತ್ತದೆ. ಬ್ಲಡ್ ಆರೆಂಜ್‌ನಲ್ಲಿ ಆ ಸ್ವಿಚ್ ಆನ್ ಮಾಡುವ ಜೀನ್‌ಗೆ ವಿಜ್ಞಾನಿಗಳು ರೂಬಿ ಅಂತ ಹೆಸರಿಟ್ಟಿದ್ದಾರೆ. 2012ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ನಸ್ ಸೆಂಟರ್‌ನಲ್ಲಿ ಕ್ಯಾಥಿ ಮಾರ್ಟಿನ್ ಅವರ ತಂಡ ಇದರ ಗುಟ್ಟು ಬಿಡಿಸಿತು. ಜಾಗ ಬದಲಿಸಿ ಕುಣಿಯುವ ಒಂದು ತುಂಡು ಡಿಎನ್‌ಎ ಯಾವತ್ತೋ ಬಂದು ರೂಬಿಯ ಪಕ್ಕ ಕೂತಿದೆ. ಚಳಿ ತಗುಲಿದಾಗ ಆ ತುಂಡು ಎಚ್ಚರವಾಗುತ್ತದೆ, ಪಕ್ಕದ ರೂಬಿಯನ್ನೂ ಎಬ್ಬಿಸುತ್ತದೆ, ಹಣ್ಣು ಕೆಂಪಾಗುತ್ತದೆ.

ಹಾಗಾಗಿ ಬಿಸಿ ಊರಿನಲ್ಲಿ ಇದೇ ಗಿಡ ನೆಟ್ಟರೆ ಹಣ್ಣೇನೋ ಬಿಡುತ್ತದೆ, ಒಳಗೆ ಹಳದಿ. ಹಗಲು ಬಿಸಿಲು, ರಾತ್ರಿ ಗಡಗಡ ಚಳಿ, ಹಣ್ಣು ಬಲಿಯುವ ಹೊತ್ತಿಗೆ ಇವೆರಡೂ ಬೇಕು. ಇಟಲಿಯ ಸಿಸಿಲಿ ದ್ವೀಪದಲ್ಲಿ ಎಟ್ನಾ ಅಗ್ನಿಪರ್ವತದ ಬುಡದ ಬಯಲುಗಳಲ್ಲಿ ಅಂಥ ಹವೆ ಸಿಗುತ್ತದೆ. ನಮ್ಮ ಅಂಗಳದಲ್ಲಿ ಪುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲು ಶುರುವಾದ ಮೇಲೆ, ಬೆಳಿಗ್ಗೆ ಕಣದ ಟಾರ್ಪಾಲ್ ಮೇಲೆ ಇಬ್ಬನಿ ನೀರಾಗಿ ಹರಿಯುವ ದಿನಗಳಲ್ಲಿ, ಥರ್ಮಾಮೀಟರ್ 11, 12 ತೋರಿಸುತ್ತದೆ. ಆಗ ನಮ್ಮ ಹಣ್ಣೂ ಕೆಂಪಾಗಲು ಶುರು. ಚಳಿ ಕಡಿಮೆ ಇದ್ದ ವರ್ಷ ಅಂಚಿನಲ್ಲಿ ನಾಲ್ಕು ಕೆಂಪು ಗೆರೆ ಬಂದರೆ ಪುಣ್ಯ.

ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ತಿಳಿ ಗುಲಾಬಿ ಬಣ್ಣದ ಕಾರಾ ಕಾರಾ ಎಂಬ ಕಿತ್ತಳೆ ಬ್ಲಡ್ ಆರೆಂಜ್ ಅಲ್ಲ. ಅದರ ಬಣ್ಣ ಲೈಕೋಪಿನ್, ಟೊಮೆಟೊದಲ್ಲಿ ಇರುವಂಥದ್ದು. ಅದಕ್ಕೆ ಚಳಿಯ ಹಂಗಿಲ್ಲ.

ಇದರಲ್ಲಿ ಎಷ್ಟು ತಳಿ ಇವೆ?

ಮುಖ್ಯವಾಗಿ ಮೂರು. ಮೋರೋ ಎಲ್ಲಕ್ಕಿಂತ ಕಪ್ಪು, ಕೆಲವು ಹಣ್ಣು ಕತ್ತರಿಸಿದರೆ ಹೆಚ್ಚು ಕಡಿಮೆ ನೇರಳೆ ಹಣ್ಣಿನ ಬಣ್ಣ. ಟರೋಕ್ಕೊ ಸಿಹಿ ಜಾಸ್ತಿ, ಕೆಂಪು ಕಡಿಮೆ. ಸಾಂಗ್ವಿನೆಲ್ಲೊ ಇವೆರಡರ ನಡುವೆ. ಸಿಸಿಲಿಯ ಕೆಂಪು ಕಿತ್ತಳೆಗೆ 1996ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ದೇಶದಲ್ಲಿ ಪಂಜಾಬಿನ ಕಡೆ ಬ್ಲಡ್ ರೆಡ್ ಎಂಬ ತಳಿ ಹಿಂದಿನಿಂದಲೂ ಇದೆ. ಅಲ್ಲಿ ಚಳಿಗಾಲದ ಚಳಿಗೆ ಏನೂ ಕೊರತೆ ಇಲ್ಲ, ಅಲ್ವಾ.

ಕೊಡಗಿನ ಕಿತ್ತಳೆಗೂ ಇದಕ್ಕೂ ಏನು ಸಂಬಂಧ?

ದೂರದ ನೆಂಟರು. ನಮ್ಮ ಕಿತ್ತಳೆ ಮ್ಯಾಂಡರಿನ್ ಜಾತಿ. ಬೆರಳು ಹಾಕಿದರೆ ಸಿಪ್ಪೆ ಬಿಡುತ್ತದೆ, ತೊಳೆ ತೊಳೆಯಾಗಿ ಬರುತ್ತದೆ. ಬ್ಲಡ್ ಆರೆಂಜ್ ಸಿಹಿ ಕಿತ್ತಳೆ ಜಾತಿ, ಅಂದರೆ ಮೂಸಂಬಿಯ ಕಡೆಯದು. ಸಿಪ್ಪೆ ಅಂಟಿಕೊಂಡಿರುತ್ತದೆ, ಚಾಕು ಬೇಕು.

ಚೆಂದದ ವಿಷಯ ಏನೆಂದರೆ, ಈ ಸಿಹಿ ಕಿತ್ತಳೆ ಜಾತಿ ಹುಟ್ಟಿದ್ದೇ ಬಹಳ ಹಿಂದೆ ಚಕ್ಕೋತ ಮತ್ತು ಮ್ಯಾಂಡರಿನ್ ಕೂಡಿ. ನಮ್ಮ ಮನೆ ಹಿಂದೆ ಬಾವಿ ಪಕ್ಕ ಒಂದು ಹಳೇ ಚಕ್ಕೋತ ಮರ ಇದೆ, ತೋಟದೊಳಗೆ ಅಜ್ಜನ ಕಾಲದ ಎರಡು ಕಿತ್ತಳೆ ಮರ ಉಳಿದಿವೆ. ಅಂದರೆ ಬ್ಲಡ್ ಆರೆಂಜ್‌ನ ಅಪ್ಪ ಅಮ್ಮನ ಕಡೆಯವರು ಮೊದಲೇ ಇಲ್ಲಿ ಇದ್ದರು, ಮಗು ಮಾತ್ರ ದೂರದ ಊರು ಸುತ್ತಿ ತಡವಾಗಿ ಬಂತು.

ಕೊಡಗಿನ ಕಿತ್ತಳೆಗೆ 2005-06ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಬಂತು. ಟ್ಯಾಗ್ ಬರುವ ಹೊತ್ತಿಗೆ ಹೆಚ್ಚಿನ ಮರಗಳು ಹೋಗಿದ್ದವು. ಒಂದು ಕಾಲದಲ್ಲಿ ಕಾಫಿ ಜೊತೆ ಕಿತ್ತಳೆ ಇಲ್ಲದ ತೋಟವೇ ಇರಲಿಲ್ಲ. ಹಸಿರು ರೋಗ, ಟ್ರಿಸ್ಟೆಜಾ ವೈರಸ್, ಬೇರು ಕೊಳೆ, ಒಂದರ ಹಿಂದೆ ಒಂದು ಬಂದು ಒಣಗಿದವು. ಈಗ ರಸ್ತೆ ಬದಿಯಲ್ಲಿ "ಕೂರ್ಗ್ ಆರೆಂಜ್" ಅಂತ ಮಾರುವ ಬುಟ್ಟಿಯಲ್ಲಿ ಎಷ್ಟೋ ಸಲ ಇರುವುದು ನಾಗಪುರದ್ದು. ತಿಂದರೆ ಗೊತ್ತಾಗುತ್ತದೆ, ನಮ್ಮದರಲ್ಲಿ ಸಿಹಿಯ ಹಿಂದೆ ಒಂದು ಹುಳಿ ಬಂದು ನಾಲಿಗೆ ಎಬ್ಬಿಸುತ್ತದೆ.

ರುಚಿ ಹೇಗಿರುತ್ತದೆ?

ಮೂಸಂಬಿಗಿಂತ ಹುಳಿ, ಕೊಡಗಿನ ಕಿತ್ತಳೆಗಿಂತ ಗಟ್ಟಿ. ಕೊನೆಯಲ್ಲಿ ಕಾಡು ಹಣ್ಣಿನ ಥರ ಒಂದು ಒಗರು ಪರಿಮಳ. ಪುಸ್ತಕಗಳಲ್ಲಿ ರಾಸ್ಪ್‌ಬೆರಿ ಅಂತ ಬರೆಯುತ್ತಾರೆ. ನಮಗೆ ರಾಸ್ಪ್‌ಬೆರಿ ಅಂದರೆ ಬೇಲಿ ಪಕ್ಕದ ಮುಳ್ಳು ಹಣ್ಣು, ಅದನ್ನು ತಿಂದವರಿಗೆ ಸರಿಯಾಗಿ ಅರ್ಥವಾಗುತ್ತದೆ.

ಇದರ ಆಕರ್ಷಣೆ ಅರ್ಧ ಕಣ್ಣಿನದ್ದು ಅನ್ನುವುದನ್ನು ನಾನು ಒಪ್ಪಿಕೊಳ್ಳುತ್ತೇನೆ. ಮೊದಲ ಹಣ್ಣು ಕತ್ತರಿಸಿದ ದಿನ ಚೆನ್ನಾಗಿ ನೆನಪಿದೆ. ಹೊರಗೆ ಮಾಮೂಲಿ ಕಿತ್ತಳೆ ಬಣ್ಣ, ಒಂದು ಕೆನ್ನೆ ಮಾತ್ರ ಬೆಂಕಿ ಹತ್ತಿರ ಕೂತವರ ಹಾಗೆ ಕೆಂಪಗಿತ್ತು. ಚಾಕು ಅಡ್ಡಲಾಗಿ ಇಳಿಸಿದೆ. ನಡುವೆ ಹಳದಿ, ಸಿಪ್ಪೆಯ ಕಡೆ ಪ್ರತಿ ತೊಳೆಯ ತುದಿಯಲ್ಲಿ ಕೆಂಪು ಶಾಯಿ ಹೀರಿದ ಹಾಗೆ ಗೆರೆಗಳು, ಎರಡು ತೊಳೆ ಪೂರ್ತಿ ಕೆಂಪು. ಅತ್ತೆ ಹಲಗೆಯ ಮೇಲೆ ಬಿದ್ದ ರಸವನ್ನು ಬೆರಳಲ್ಲಿ ಒರೆಸಿ ನೋಡಿ, "ಇದಕ್ಕೆ ರಕ್ತ ಅಂತ ಯಾಕೆ ಹೆಸರಿಟ್ಟರೋ, ಕುಂಕುಮ ಅನ್ನಬಹುದಿತ್ತು" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಇದು ಕುಂಕುಮ ಕಿತ್ತಳೆ.

ಆರೋಗ್ಯಕ್ಕೆ ನಿಜವಾಗಿ ಏನು ಲಾಭ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದರ ಬಗ್ಗೆ ಜಾಹೀರಾತು ಜಾಸ್ತಿ, ವಿಷಯ ಕಡಿಮೆ.

ಮೊದಲು ಎಲ್ಲಾ ಸಿಹಿ ಕಿತ್ತಳೆಗಳಲ್ಲೂ ಇರುವುದು. 100 ಗ್ರಾಂ ಹಣ್ಣಿನಲ್ಲಿ ಸುಮಾರು 50 ಮಿಲಿಗ್ರಾಂ ವಿಟಮಿನ್ ಸಿ. ನಮ್ಮ ದೇಶದ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ ಸಾಕು. ಅಂದರೆ ಮಧ್ಯಮ ಗಾತ್ರದ ಒಂದೂವರೆ ಹಣ್ಣಿಗೆ ದಿನದ ಕೋಟಾ ಹತ್ತಿರ ಹತ್ತಿರ ಮುಗಿಯಿತು. ಜೊತೆಗೆ ಎರಡು ಗ್ರಾಂ ಮೀರಿ ನಾರು, ಸ್ವಲ್ಪ ಫೋಲೇಟ್, 180 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ. ಕ್ಯಾಲೊರಿ 50ರ ಒಳಗೆ. ಇದಿಷ್ಟಕ್ಕೆ ಕೆಂಪು ಬಣ್ಣ ಬೇಕಿಲ್ಲ, ಮೂಸಂಬಿ ಜಾತಿ ಇದ್ದರೆ ಆಯಿತು.

ಕೆಂಪಿನಿಂದ ಸಿಗುವುದು ಆಂಥೋಸಯನಿನ್. ಇದರ ಬಗ್ಗೆ ಇಟಲಿಯಲ್ಲಿ ಕೆಲವು ಅಧ್ಯಯನ ನಡೆದಿವೆ. ಒಂದರಲ್ಲಿ ಆರೋಗ್ಯವಂತ ಹೆಂಗಸರಿಗೆ ಮೂರು ವಾರ ದಿನಕ್ಕೆ 600 ಮಿಲಿಲೀಟರ್ ಬ್ಲಡ್ ಆರೆಂಜ್ ಜ್ಯೂಸ್ ಕೊಟ್ಟರು. ರಕ್ತದಲ್ಲಿ ವಿಟಮಿನ್ ಸಿ ಏರಿತು, ಬಿಳಿ ರಕ್ತಕಣಗಳ ಡಿಎನ್‌ಎ ಹಾನಿಯನ್ನು ಮೊದಲಿಗಿಂತ ಚೆನ್ನಾಗಿ ತಡೆದುಕೊಂಡಿತು. ಇನ್ನೊಂದರಲ್ಲಿ ಜ್ಯೂಸ್ ಕುಡಿದವರಲ್ಲಿ ಕಂಡ ಈ ರಕ್ಷಣೆ, ಅಷ್ಟೇ ವಿಟಮಿನ್ ಸಿ ನೀರಿಗೆ ಬೆರೆಸಿ ಕುಡಿದಾಗ ಕಾಣಲಿಲ್ಲ. ಅಂದರೆ ಹಣ್ಣಿನಲ್ಲಿರುವ ಬೇರೆ ವಸ್ತುಗಳಿಗೂ ಕೆಲಸ ಇದೆ. ನನಗೆ ಇದು ಇಷ್ಟವಾದ ಫಲಿತಾಂಶ, ಮಾತ್ರೆಗಿಂತ ಹಣ್ಣು ಮೇಲು ಅನ್ನುವವರ ಕಡೆ ನಾನು.

ಆದರೆ ಇವೆಲ್ಲ ಕೆಲವೇ ಜನರ ಮೇಲೆ ನಡೆದ ಸಣ್ಣ ಅಧ್ಯಯನಗಳು. ರಕ್ತದ ಮಾದರಿಯಲ್ಲಿ ಬದಲಾವಣೆ ಕಂಡಿತು ಅಂದರೆ ಕಾಯಿಲೆ ತಪ್ಪಿತು ಅಂತ ಅಲ್ಲ. "ಕ್ಯಾನ್ಸರ್ ತಡೆಯುತ್ತೆ, ಹಾರ್ಟ್ ಬ್ಲಾಕ್ ಕರಗಿಸುತ್ತೆ" ಅಂತ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ನಕ್ಕು ಬಿಟ್ಟುಬಿಡಿ. ಒಳ್ಳೆಯ ಹಣ್ಣು, ಅಷ್ಟು ಸಾಕು.

ಮೂತ್ರದಲ್ಲಿ ಕಲ್ಲಿನ ತೊಂದರೆ ಇರುವವರಿಗೆ ಒಂದು ಮಾತು: ಕಿತ್ತಳೆ ಜ್ಯೂಸ್ ಮೂತ್ರದಲ್ಲಿ ಸಿಟ್ರೇಟ್ ಹೆಚ್ಚಿಸುತ್ತದೆ, ಅದು ಕೆಲವು ಬಗೆಯ ಕಲ್ಲು ಕಟ್ಟದಂತೆ ತಡೆಯಲು ಒಳ್ಳೆಯದು. ಯಾವ ಬಗೆಯ ಕಲ್ಲು ಅಂತ ಡಾಕ್ಟರ್ ಹೇಳಬೇಕು.

ಬಣ್ಣ ಕೆಂಪು ಇದೆ, ಕುಡಿದರೆ ರಕ್ತ ಜಾಸ್ತಿ ಆಗುತ್ತಾ?

ನೇರವಾಗಿ ಇಲ್ಲ. ಕೆಂಪಾಗಿರುವುದೆಲ್ಲ ರಕ್ತ ಮಾಡುತ್ತದೆ ಅನ್ನುವುದು ನಮ್ಮ ಹಳೇ ನಂಬಿಕೆ. ಕಿತ್ತಳೆಯಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ.

ಸುತ್ತು ಬಳಸಿ ಮಾತ್ರ ಲಾಭ ಇದೆ. ಸೊಪ್ಪು, ಕಾಳು, ರಾಗಿಯಲ್ಲಿ ಇರುವ ಕಬ್ಬಿಣ ಮೈಗೆ ಹತ್ತುವುದು ಕಷ್ಟ. ಅದೇ ಊಟದ ಜೊತೆ ವಿಟಮಿನ್ ಸಿ ಇದ್ದರೆ ಸುಲಭವಾಗಿ ಹತ್ತುತ್ತದೆ. ಹಾಗಾಗಿ ರಕ್ತ ಕಡಿಮೆ ಅಂತ ಡಾಕ್ಟರ್ ಹೇಳಿದವರು ಹಣ್ಣನ್ನು ಎಲ್ಲೋ ನಾಲ್ಕು ಗಂಟೆಗೆ ತಿನ್ನುವ ಬದಲು ಊಟದ ಜೊತೆಗೇ ತಿನ್ನಿ. ಈಗ ಕೊಡಗಿನವರಿಗೆ ಬೇಜಾರಾಗುವ ಮಾತು: ಊಟ ಮುಗಿಸಿ ಕೈ ತೊಳೆಯುತ್ತಲೇ ಕಾಫಿ ಕುಡಿಯುತ್ತೇವಲ್ಲ, ಅದು ಆ ಕಬ್ಬಿಣವನ್ನು ಮೈಗೆ ಸೇರದಂತೆ ತಡೆಯುತ್ತದೆ. ಒಂದೆರಡು ಗಂಟೆ ಬಿಟ್ಟು ಕುಡಿದರೆ ಒಳ್ಳೆಯದು. ಕಾಫಿ ಬೆಳೆಗಾರನಾಗಿ ಇದನ್ನು ಬರೆಯಲು ನನಗೂ ಕೈ ಬರುವುದಿಲ್ಲ.

ಕಕ್ಕಡದ ಮದ್ದು ಸೊಪ್ಪಿನ ಥರ ಮೂತ್ರ ಕೆಂಪಾಗುತ್ತಾ?

ನಮ್ಮೂರಿನವರು ಮಾತ್ರ ಕೇಳುವ ಪ್ರಶ್ನೆ ಇದು, ಹೊರಗಿನವರಿಗೆ ಅರ್ಥವೇ ಆಗುವುದಿಲ್ಲ. ಕಕ್ಕಡ ಎಂಬ ಕೊಡವ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪು ಬೇಯಿಸಿ ಆ ನೇರಳೆ ನೀರಿನಲ್ಲಿ ಪಾಯಸ ಮಾಡಿ ತಿನ್ನುತ್ತೇವೆ. ಮಾರನೆಯ ದಿನ ಮೂತ್ರ ಕೆಂಪು. ಮೊದಲ ಸಲ ತಿಂದ ಅತಿಥಿಗಳಿಗೆ ಮುಂಚೆಯೇ ಹೇಳದಿದ್ದರೆ ಗಾಬರಿ ಬಿದ್ದು ಫೋನ್ ಮಾಡುತ್ತಾರೆ.

ಬ್ಲಡ್ ಆರೆಂಜ್‌ನಲ್ಲಿ ಹಾಗಾಗುವುದಿಲ್ಲ. ಇದರ ಬಣ್ಣದಲ್ಲಿ ಸ್ವಲ್ಪವೇ ಸ್ವಲ್ಪ ಹಾಗೇ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಹೊಟ್ಟೆಯಲ್ಲೇ ಒಡೆದು ಬೇರೆಯಾಗುತ್ತದೆ. ಕಿತ್ತಳೆ ಕುಡಿದ ಮೇಲೆ ಮೂತ್ರ ಕೆಂಪಗಿದ್ದರೆ ಕಾರಣ ಬೇರೆ ಏನೋ ಇದೆ, ಡಾಕ್ಟರ್ ಹತ್ತಿರ ಹೋಗಿ.

ತೂಕ ಇಳಿಯುತ್ತಾ?

ಈ ಮಾತಿಗೆ ಮೂಲ ಇಲಿಗಳು. 2010ರಲ್ಲಿ ಇಟಲಿಯ ಮಿಲಾನಿನ ಸಂಶೋಧಕರು ಕೊಬ್ಬಿನ ಆಹಾರ ತಿನ್ನುವ ಇಲಿಗಳಿಗೆ ನೀರಿನ ಬದಲು ಮೋರೋ ಜ್ಯೂಸ್ ಕೊಟ್ಟರು. ಅವುಗಳ ಮೈಯಲ್ಲಿ ಕೊಬ್ಬು ಕಡಿಮೆ ಸೇರಿತು. ಮಾಮೂಲಿ ಕಿತ್ತಳೆ ಜ್ಯೂಸ್ ಕುಡಿದ ಇಲಿಗಳಲ್ಲಿ ಆ ಲಾಭ ಕಾಣಲಿಲ್ಲ. ಅಲ್ಲಿಂದ ಮೋರೋ ಪುಡಿಯ ಮಾತ್ರೆಗಳು ಬಂದವು, ದೊಡ್ಡ ಬೆಲೆ ಬೇರೆ.

ಇಲಿಗೆ ಆದದ್ದು ನಮಗೂ ಆಗಬೇಕು ಅಂತಿಲ್ಲ. ಪಂದಿ ಕರಿ, ಕಡಂಬಿಟ್ಟು ಮೂರು ಸಲ ಬಡಿಸಿಕೊಂಡು ಕೊನೆಗೆ ಒಂದು ಲೋಟ ಕೆಂಪು ಜ್ಯೂಸ್ ಕುಡಿದರೆ ಏನೂ ಇಳಿಯುವುದಿಲ್ಲ. ಪರೀಕ್ಷೆ ಮಾಡಿ ನೋಡಿದ್ದೇನೆ.

ಹಣ್ಣು ಒಳ್ಳೆಯದಾ, ಜ್ಯೂಸಾ? ಶುಗರ್ ಇರುವವರು ಏನು ಮಾಡಬೇಕು?

ಹಣ್ಣು. ಅನುಮಾನವೇ ಬೇಡ.

200 ಮಿಲಿಲೀಟರ್ ಲೋಟ ತುಂಬಲು ಸುಮಾರು ಮೂರು ಹಣ್ಣು ಬೇಕು. ಮೂರು ಹಣ್ಣಿನ ಸಕ್ಕರೆ ಲೋಟಕ್ಕೆ ಬಂತು, ನಾರೆಲ್ಲ ಹಿಂಡಿದ ಸಿಪ್ಪೆಯ ಜೊತೆ ಕಸದ ಬುಟ್ಟಿಗೆ ಹೋಯಿತು. ಆ ಲೋಟದಲ್ಲಿ 16, 17 ಗ್ರಾಂ ಸಕ್ಕರೆ ಇರುತ್ತದೆ, ನಾಲ್ಕು ಟೀ ಚಮಚದಷ್ಟು, ನೀವು ಒಂದು ಕಾಳು ಸಕ್ಕರೆ ಹಾಕದಿದ್ದರೂ. ಮೂರು ಹಣ್ಣು ಕೂತು ತಿನ್ನಲು ಕಾಲು ಗಂಟೆ ಬೇಕು, ಜ್ಯೂಸ್ ಅರ್ಧ ನಿಮಿಷದಲ್ಲಿ ಖಾಲಿ. ಸಕ್ಕರೆ ಅಷ್ಟೇ ಬೇಗ ರಕ್ತಕ್ಕೂ ಏರುತ್ತದೆ.

ಶುಗರ್ ಇರುವವರು ಊಟದ ಲೆಕ್ಕದಲ್ಲಿ ಸೇರಿಸಿ ಒಂದು ಇಡೀ ಹಣ್ಣು ತಿನ್ನಬಹುದು, ಡಾಕ್ಟರ್ ಬೇಡ ಅಂದಿಲ್ಲವಾದರೆ. ಕೆಂಪು ಇದೆ ಅಂತ ಸಕ್ಕರೆ ಕಡಿಮೆ ಇರುವುದಿಲ್ಲ. ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಹೇಳಿಸಿಕೊಂಡವರು ಜ್ಯೂಸ್ ಮುಟ್ಟುವ ಮೊದಲು ಕೇಳಲೇಬೇಕು, ಒಂದು ಲೋಟದಲ್ಲಿ 400 ಮಿಲಿಗ್ರಾಂ ಹತ್ತಿರ ಇರುತ್ತದೆ. ಎದೆಯುರಿ ಇರುವವರಿಗೆ ಖಾಲಿ ಹೊಟ್ಟೆಯಲ್ಲಿ ಬೇಡ.

ಹೋಂಸ್ಟೇಯಲ್ಲಿ ಮತ್ತೆ ಜ್ಯೂಸ್ ಯಾಕೆ ಕೊಡುತ್ತೀರಿ ಅಂತ ಕೇಳಿದವರೂ ಇದ್ದಾರೆ. ಚಿಕ್ಕ ಲೋಟ, 100 ಮಿಲಿಲೀಟರ್. ಮತ್ತೆ, ನೋಡಲು ಚೆಂದ.

ಜ್ಯೂಸ್ ಮಾಡುವುದು ಹೇಗೆ? ನಮ್ಮದು ಕಹಿ ಆಗುತ್ತದೆ.

ಮಿಕ್ಸಿಗೆ ಹಾಕಿರುತ್ತೀರಿ. ಬೀಜ, ಬಿಳಿ ಪೊರೆ ಅರೆದರೆ ಕಹಿ ಬರುತ್ತದೆ. ಮಾಡಿ ಇಟ್ಟರೂ ಅಷ್ಟೆ, ಹೊತ್ತು ಹೋದ ಹಾಗೆ ರಸದ ಹುಳಿಯಲ್ಲೇ ಲಿಮೋನಿನ್ ಎಂಬ ಕಹಿ ವಸ್ತು ಹುಟ್ಟುತ್ತದೆ.

ನಮ್ಮ ಮನೆ ಪದ್ಧತಿ: ಹಣ್ಣನ್ನು ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಅಂಗೈಯಲ್ಲಿ ಒತ್ತಿ ಮೇಜಿನ ಮೇಲೆ ಹತ್ತು ಸಲ ಉರುಳಿಸಿ, ಒಳಗಿನ ಚೀಲಗಳು ಸಡಿಲವಾಗುತ್ತವೆ. ಅಡ್ಡ ಕತ್ತರಿಸಿ, ಗಾಜಿನ ಹಿಂಡುವ ಬಟ್ಟಲಿನ ಮೇಲೆ ಮೆತ್ತಗೆ ತಿರುಗಿಸಿ. ಸಿಪ್ಪೆ ಬಿಳಿ ಕಾಣುವ ತನಕ ತಿಕ್ಕಬೇಡಿ, ಕೊನೆಯ ಎರಡು ಹನಿಯ ಆಸೆಗೆ ಕಹಿ ಇಳಿಯುತ್ತದೆ. ಸೋಸಬೇಡಿ, ಬೀಜ ಮಾತ್ರ ಚಮಚದಲ್ಲಿ ತೆಗೆಯಿರಿ. ಸ್ಟೀಲ್ ಇಲ್ಲವೇ ಗಾಜು ಬಳಸಿ, ಅಲ್ಯೂಮಿನಿಯಂ ಬೇಡ. ಕುದಿಸುವುದಂತೂ ಬೇಡವೇ ಬೇಡ, ಬಿಸಿಗೆ ಕೆಂಪು ಕಂದಾಗಿ ಹಳೇ ಟೀ ಥರ ಕಾಣುತ್ತದೆ. ಹಿಂಡಿದ ಹತ್ತು ನಿಮಿಷದೊಳಗೆ ಕುಡಿಯಿರಿ.

ಸಕ್ಕರೆ ಬೇಡ. ಹುಳಿ ಜಾಸ್ತಿ ಅನಿಸಿದರೆ ಒಂದು ಕೊಡಗಿನ ಕಿತ್ತಳೆ ಹಿಂಡಿ ಸೇರಿಸಿ, ಸರಿಹೋಗುತ್ತದೆ. ನಾನು ಎರಡು ಏಲಕ್ಕಿ ಕಾಳು ಜಜ್ಜಿ ಹಾಕುತ್ತೇನೆ. ಅತ್ತೆಗೆ ಒಂದು ಚಿಟಿಕೆ ಕರಿಮೆಣಸಿನ ಪುಡಿ ಬೇಕು.

ಜ್ಯೂಸ್ ಬಿಟ್ಟು ಬೇರೆ ಏನು ಮಾಡಬಹುದು?

ಸಿಸಿಲಿಯವರು ಇದನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಈರುಳ್ಳಿ, ಆಲಿವ್, ಹಸಿ ಸೋಂಪು ಗೆಡ್ಡೆ ಸೇರಿಸಿ, ಉಪ್ಪು, ಆಲಿವ್ ಎಣ್ಣೆ ಹಾಕಿ ತಿನ್ನುತ್ತಾರೆ. ನಾವು ಈರುಳ್ಳಿ, ಹಸಿಮೆಣಸು, ಉಪ್ಪು, ಸ್ವಲ್ಪ ತೆಂಗಿನೆಣ್ಣೆಯಲ್ಲಿ ಮಾಡಿ ನೋಡಿದೆವು. ಕೈಪುಳಿ (ಕಹಿ ಕಿತ್ತಳೆ) ಪಜ್ಜಿ ತಿಂದು ಬೆಳೆದವರಿಗೆ ಹಣ್ಣಿಗೆ ಉಪ್ಪು ಖಾರ ಹಾಕುವುದು ಹೊಸದಲ್ಲ. ಸಿಪ್ಪೆಯಿಂದ ಮರ್ಮಲೇಡ್ ಎಂಬ ಜಾಮ್ ಚೆನ್ನಾಗಿ ಆಗುತ್ತದೆ. ಅಂಗಡಿಯ ಹಣ್ಣಾದರೆ ಸಿಪ್ಪೆಗೆ ಮೇಣ ಬಳಿದಿರುತ್ತಾರೆ, ಬಿಸಿ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ.

ನೆಗಡಿ ಹೋಗುತ್ತಾ, ಬರುತ್ತಾ?

ಮನೆಯ ಹಿರಿಯರು ಬರುತ್ತೆ ಅನ್ನುತ್ತಾರೆ, ಟಿವಿ ಜಾಹೀರಾತು ಹೋಗುತ್ತೆ ಅನ್ನುತ್ತದೆ. ಎರಡೂ ಅಲ್ಲ. ನೆಗಡಿ ಬರುವುದು ವೈರಸ್‌ನಿಂದ, ಕಿತ್ತಳೆಯಿಂದಲ್ಲ. ದಿನಾ ವಿಟಮಿನ್ ಸಿ ತೆಗೆದುಕೊಳ್ಳುವವರಿಗೂ ನೆಗಡಿ ಬರುವುದು ತಪ್ಪುವುದಿಲ್ಲ. ಬಂದದ್ದು ಸ್ವಲ್ಪ ಬೇಗ ವಾಸಿಯಾಗಬಹುದು ಅಷ್ಟೆ. ಮೂಗು ಸೋರಲು ಶುರುವಾದ ಮೇಲೆ ಬುಟ್ಟಿ ಮುಂದೆ ಕೂತರೆ ಪ್ರಯೋಜನ ಇಲ್ಲ.

ಮಾತ್ರೆ ತೆಗೆದುಕೊಳ್ಳುವವರು ಕುಡಿಯಬಹುದಾ?

ಕುಡಿಯಬಹುದು, ಆದರೆ ಮಾತ್ರೆಯನ್ನು ಜ್ಯೂಸ್ ಜೊತೆ ನುಂಗಬೇಡಿ. ಅಲರ್ಜಿಗೆ ಕೊಡುವ ಫೆಕ್ಸೊಫೆನಡಿನ್, ಬಿಪಿಗೆ ಕೊಡುವ ಅಟೆನೊಲೋಲ್ ಇಂಥವು ಕಿತ್ತಳೆ ಜ್ಯೂಸ್ ಜೊತೆ ಹೋದರೆ ಮೈಗೆ ಸರಿಯಾಗಿ ಸೇರುವುದಿಲ್ಲ. ನೀರಿನಲ್ಲಿ ನುಂಗಿ, ಜ್ಯೂಸ್ ಕೆಲವು ಗಂಟೆ ಬಿಟ್ಟು ಕುಡಿಯಿರಿ.

ಇದಕ್ಕಿಂತ ಜಾಗ್ರತೆ ಬೇಕಾದದ್ದು ಚಕ್ಕೋತದಲ್ಲಿ. ಚಕ್ಕೋತ, ಗ್ರೇಪ್‌ಫ್ರೂಟ್, ಮರ್ಮಲೇಡ್ ಮಾಡುವ ಕಹಿ ಕಿತ್ತಳೆ, ಇವುಗಳಲ್ಲಿ ಇರುವ ಒಂದು ವಸ್ತು ಕೆಲವು ಕೊಲೆಸ್ಟರಾಲ್ ಮಾತ್ರೆ, ಬಿಪಿ ಮಾತ್ರೆಗಳು ಒಡೆಯದಂತೆ ತಡೆದು ರಕ್ತದಲ್ಲಿ ಔಷಧಿಯ ಮಟ್ಟ ಏರಿಸುತ್ತದೆ. ಬ್ಲಡ್ ಆರೆಂಜ್, ಮೂಸಂಬಿ, ಕೊಡಗಿನ ಕಿತ್ತಳೆಯಲ್ಲಿ ಆ ತೊಂದರೆ ಇಲ್ಲ. ದಿನಾ ಮಾತ್ರೆ ನುಂಗುವವರು ಚಕ್ಕೋತ ತಿನ್ನುವ ಮೊದಲು ಡಾಕ್ಟರನ್ನೋ ಫಾರ್ಮಸಿಯವರನ್ನೋ ಒಂದು ಮಾತು ಕೇಳಿ.

ಮಕ್ಕಳಿಗೆ ಕೊಡಬಹುದಾ?

ಒಂದು ವರ್ಷ ತುಂಬುವ ತನಕ ಯಾವ ಜ್ಯೂಸೂ ಬೇಡ. ಮೂರು ವರ್ಷದವರೆಗೆ ದಿನಕ್ಕೆ ಅರ್ಧ ಲೋಟ ದಾಟದಿರಲಿ. ಬೀಜ, ಪೊರೆ ತೆಗೆದ ತೊಳೆ ಕೊಟ್ಟರೆ ಅದೇ ಒಳ್ಳೆಯದು. ಬಿಳಿ ಯೂನಿಫಾರ್ಮ್ ಹಾಕುವ ಮೊದಲು ತಿನ್ನಿಸಿ, ಕಲೆ ಸುಲಭಕ್ಕೆ ಹೋಗುವುದಿಲ್ಲ.

ಕೊಡಗಿನಲ್ಲಿ ಬೆಳೆಯಬಹುದಾ?

ಬೆಳೆಯಬಹುದು. ಹಣ ಮಾಡಬಹುದಾ ಅಂತ ಕೇಳಿದರೆ ನಾನು ಸುಮ್ಮನಾಗುತ್ತೇನೆ.

ನನ್ನ ಕಥೆ ಹೇಳುತ್ತೇನೆ. 2017ರಲ್ಲಿ ಹೊರಗಿನ ಒಂದು ನರ್ಸರಿಯಿಂದ ಐದು ಕಸಿ ಗಿಡ ತಂದೆ. ಎಲ್ಲಕ್ಕೂ ಬ್ಲಡ್ ಆರೆಂಜ್ ಅಂತ ಚೀಟಿ ಕಟ್ಟಿದ್ದರು. ಒಂದು 2018ರ ಆ ಮಳೆಗೆ ಬೇರು ಕೊಳೆತು ಸತ್ತಿತು. ಇನ್ನೊಂದು ಚೆನ್ನಾಗಿ ಬೆಳೆದು ಬುಟ್ಟಿಗಟ್ಟಲೆ ಹಣ್ಣು ಬಿಟ್ಟಿತು, ಕಿತ್ತಳೆ ಬಣ್ಣದ ಚಂದದ ಪುಟ್ಟ ಹಣ್ಣು, ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ನೋಡಿದರೆ ಕಸಿಯ ಕೆಳಗಿನ ರಂಗಪುರ ನಿಂಬೆಯ ಚಿಗುರು ಬೆಳೆದು, ಮೇಲಿನ ಕಸಿ ಯಾವತ್ತೋ ಒಣಗಿತ್ತು. ಇದು ನನ್ನದೇ ತಪ್ಪು, ಬುಡದ ಚಿಗುರು ಚಿವುಟಬೇಕಿತ್ತು. ಮೂರನೆಯದರ ಒಳಗೆ ಎಂಥ ಚಳಿಯಲ್ಲೂ ಹಳದಿ, ಅದು ಬ್ಲಡ್ ಆರೆಂಜೇ ಅಲ್ಲ. ಅದರ ಬಗ್ಗೆ ನರ್ಸರಿಯವರಿಗೆ ಫೋನ್ ಮಾಡಿದರೆ "ನಿಮ್ಮ ಮಣ್ಣಿನ ದೋಷ" ಅಂದರು. ಉಳಿದ ಎರಡು ನಿಜವಾದವು. ಐದರಲ್ಲಿ ಎರಡು.

ಹಾಕುವವರು ಗಮನಿಸಬೇಕಾದದ್ದು ಮುಖ್ಯವಾಗಿ ನೀರು. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಸಿಸಿಲಿಯ ಬಯಲಿನವರು ಅದರ ಐದನೇ ಒಂದು ಪಾಲಿನಲ್ಲಿ ವರ್ಷ ಕಳೆಯುತ್ತಾರೆ. ಈ ಗಿಡದ ಬುಡದಲ್ಲಿ ನೀರು ನಿಂತರೆ ಉಳಿಯುವುದಿಲ್ಲ. ಇಳಿಜಾರಿನಲ್ಲಿ, ದಿಬ್ಬ ಮಾಡಿ ನೆಡಿ. ಕಸಿ ಗಂಟು ನೆಲದಿಂದ ಒಂದು ಗೇಣು ಮೇಲಿರಲಿ. ಮಳೆಗೆ ಮುಂಚೆ ಕಾಂಡಕ್ಕೆ ಬೋರ್ಡೋ ಮುಲಾಮು ಬಳಿಯಿರಿ, ಮೆಣಸಿಗೆ ಹೇಗೂ ಮೈಲುತುತ್ತು ಸುಣ್ಣ ಕಲಸುತ್ತೀರಲ್ಲ, ಅದೇ ದಿನ. ಸಿಲ್ವರ್ ಓಕ್ ಕೆಳಗಿನ ದಟ್ಟ ನೆರಳಲ್ಲಿ ಹಾಕಬೇಡಿ, ಬಿಸಿಲೂ ಬೇಕು, ರಾತ್ರಿಯ ಚಳಿಯೂ ನೇರ ತಗುಲಬೇಕು. ಹೊಸ ಚಿಗುರಿನ ಮೇಲೆ ಕೂರುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಹಸಿರು ರೋಗ ಹರಡುತ್ತದೆ, ಎಲೆ ಅಲ್ಲಲ್ಲಿ ಹಳದಿ ಮಚ್ಚೆಯಾದರೆ ಬೇಗ ತೋರಿಸಿ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಕಿತ್ತಳೆ ಜಾತಿಯ ರೋಗ ಬಲ್ಲವರಿದ್ದಾರೆ. ಹಣ್ಣು ಬಣ್ಣ ತಿರುಗುವಾಗ ರಾತ್ರಿ ಪತಂಗ ಬಂದು ಚುಚ್ಚಿ ರಸ ಹೀರುತ್ತದೆ, ಮಾರನೆಯ ವಾರ ಹಣ್ಣು ನೆಲದಲ್ಲಿ. ನಾವು ಹಣ್ಣಿಗೆ ಹಳೇ ಪೇಪರಿನ ಚೀಲ ಕಟ್ಟುತ್ತೇವೆ.

ಮಾರ್ಚ್, ಏಪ್ರಿಲಿನ ಹೂಮಳೆಗೆ ಬಂದ ಹೂವು ಜನವರಿಗೆ ಹಣ್ಣು. ಆತುರಪಟ್ಟು ಡಿಸೆಂಬರಿನಲ್ಲಿ ಕೊಯ್ದರೆ ಕೆಂಪಿರುವುದಿಲ್ಲ. ಕುಶಾಲನಗರದ ಕಡೆ ಎತ್ತರ ಕಡಿಮೆ, ಬಣ್ಣದ ಆಸೆ ಸ್ವಲ್ಪ ಕಡಿಮೆಯೇ ಇಟ್ಟುಕೊಳ್ಳಿ.

ಕೊಯ್ದ ಮೇಲೆ ಕೆಂಪಾಗುತ್ತದಾ?

ಸ್ವಲ್ಪ ಶುರುವಾಗಿದ್ದರೆ ಆಗುತ್ತದೆ. 8, 10 ಡಿಗ್ರಿ ತಂಪಿನಲ್ಲಿ ಕೆಲವು ವಾರ ಇಟ್ಟರೆ ಬಣ್ಣ ಇನ್ನೂ ಏರುತ್ತದೆ. ಮನೆಯ ಫ್ರಿಜ್‌ನಲ್ಲಿ ಕೆಳಗಿನ ತರಕಾರಿ ಡಬ್ಬಿಗೆ ಹಾಕಿ. ನಾವು ಒಂದೇ ದಿನ ಕೊಯ್ದ ಹಣ್ಣು ಒಂದನ್ನು ಅವತ್ತೇ ಕತ್ತರಿಸಿ, ಇನ್ನೊಂದನ್ನು ಮೂರು ವಾರ ಇಟ್ಟು ನೋಡಿದೆವು. ಅಕ್ಕಪಕ್ಕ ಫೋಟೋ ಇಟ್ಟರೆ ಒಂದೇ ಮರದ್ದು ಅಂತ ಯಾರೂ ಹೇಳುವುದಿಲ್ಲ.

ಕೊಳ್ಳುವಾಗ ಏನು ನೋಡಬೇಕು?

ತೂಕ. ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಅನಿಸಬೇಕು. ಸಿಪ್ಪೆಯ ಕೆಂಪು ನೋಡಿ ಮೋಸ ಹೋಗಬೇಡಿ, ಹೊರಗೆ ಕೆಂಪಿಲ್ಲದ ಹಣ್ಣು ಒಳಗೆ ಕಪ್ಪಾಗಿರಬಹುದು. ಮೈಸೂರು, ಬೆಂಗಳೂರಿನ ದೊಡ್ಡ ಹಣ್ಣಿನ ಅಂಗಡಿಗಳಲ್ಲಿ ಚಳಿಗಾಲದಲ್ಲಿ ಕೇಳಿ ನೋಡಿ. ಕಡ್ಡಾಯವಾಗಿ ಒಂದು ಕತ್ತರಿಸಿ ತೋರಿಸಿ ಅನ್ನಿ, ಆ ಬೆಲೆಗೆ ಅಷ್ಟು ಕೇಳುವ ಹಕ್ಕು ನಿಮಗಿದೆ.

ಸಿಗದಿದ್ದರೆ?

ಕೊಡಗಿನ ಕಿತ್ತಳೆ ತಿನ್ನಿ. ಮ್ಯಾಂಡರಿನ್ ಜಾತಿಯಲ್ಲಿ ವಿಟಮಿನ್ ಸಿ ಸಿಹಿ ಕಿತ್ತಳೆಯ ಅರ್ಧದಷ್ಟು ಮಾತ್ರ, ಅದು ನಿಜ. ಆದರೆ ಮೈಯೊಳಗೆ ವಿಟಮಿನ್ ಎ ಆಗುವ ಕ್ರಿಪ್ಟೊಕ್ಸಾಂಥಿನ್ ಎಂಬ ಹಳದಿ ಬಣ್ಣ ಮೂರು ಪಟ್ಟು ಜಾಸ್ತಿ. ಒಂದರ ಬದಲು ಎರಡು ತಿಂದರೆ ಲೆಕ್ಕ ಸರಿ. ಕೆಂಪು ಬಣ್ಣದ ಲಾಭ ಬೇಕೇ ಬೇಕು ಅನ್ನುವವರಿಗೆ ಮೇ ತಿಂಗಳ ಹೊತ್ತಿಗೆ ನೇರಳೆ ಹಣ್ಣು ಬರುತ್ತದೆ. ಅದರಲ್ಲೂ ಇದೇ ಆಂಥೋಸಯನಿನ್, ಮರದ ಕೆಳಗೆ ಬಿದ್ದಿರುತ್ತದೆ, ದುಡ್ಡಿಲ್ಲ.

ನಿಮ್ಮ ಹಣ್ಣು ಮಾರುತ್ತೀರಾ?

ಎರಡೇ ಮರ. ಕಳೆದ ವರ್ಷ ಬಂದದ್ದು ಎಂಬತ್ತೋ ತೊಂಬತ್ತೋ ಹಣ್ಣು, ಅದರಲ್ಲಿ ಮಂಗಗಳ ಪಾಲು ಬೇರೆ. ಜನವರಿ ಕೊನೆಯ ವಾರ ಬನ್ನಿ, ಒಂದು ಚಿಕ್ಕ ಲೋಟ ಸಿಗುತ್ತದೆ.